ಹಲ್ಲು ಕಚ್ಚಿಕೊಂಡು ದಿನ ದೂಡಬೇಡಿ: ದಿನನಿತ್ಯದ ಟೆನ್ಷನ್ ಗುರುತಿಸಿ ಇಳಿಸಿಕೊಳ್ಳುವ ಬಗೆ

ಇದನ್ನು ಓದುತ್ತಿರುವ ಈ ಗಳಿಗೆಯಲ್ಲಿ ನಿಮ್ಮ ಮೇಲಿನ ಹಲ್ಲು, ಕೆಳಗಿನ ಹಲ್ಲು ಒಂದಕ್ಕೊಂದು ತಾಗಿಕೊಂಡಿವೆಯಾ? ಬಾಯಿ ತೆರೆಯಬೇಡಿ, ಹಾಗೇ ಗಮನಿಸಿ. ತಾಗಿದ್ದರೆ ಬಿಡಿಸಿ. ಸುಮ್ಮನಿದ್ದಾಗ ಎರಡು ಸಾಲಿನ ನಡುವೆ ಒಂದೆರಡು ಮಿಲಿಮೀಟರ್ ಸಂದು ಇರಬೇಕು. ಅಗಿಯುವಾಗ, ನುಂಗುವಾಗ ತಾಗಿದರೆ ಸಾಕು. ಉಳಿದ ಹೊತ್ತಿನಲ್ಲಿ ಅವಕ್ಕೆ ಪರಸ್ಪರ ಕೆಲಸವಿಲ್ಲ.

ನಾನು ಹಲ್ಲಿನ ಡಾಕ್ಟರ್, ಮನಸ್ಸಿನ ಡಾಕ್ಟರ್ ಅಲ್ಲ. ಆದರೆ ವರ್ಷಗಟ್ಟಲೆ ಜನರ ಬಾಯಿಯೊಳಗೆ ಇಣುಕಿದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಟೆನ್ಷನ್ ಇದೆ ಅಂತ ಮನಸ್ಸು ಒಪ್ಪಿಕೊಳ್ಳುವುದಕ್ಕೆ ಎಷ್ಟೋ ಮೊದಲೇ ಮೈ ಒಪ್ಪಿಕೊಂಡಿರುತ್ತದೆ.

ನನ್ನ ಹತ್ತಿರ ಯಾರೂ "ಟೆನ್ಷನ್ ಆಗಿದೆ" ಅಂತ ಬರುವುದಿಲ್ಲ. "ಹಲ್ಲು ಜುಮ್ ಅನ್ನುತ್ತೆ ಡಾಕ್ಟ್ರೇ" ಅಂತ ಬರುತ್ತಾರೆ. ಬೆಳಿಗ್ಗೆ ಎದ್ದಾಗ ಹಣೆಯ ಎರಡೂ ಪಕ್ಕ ನೋವು, ಆಕಳಿಸಿದರೆ ಕಿವಿ ಮುಂದೆ ಟಕ್ ಅನ್ನುವ ಸದ್ದು. ಬಾಯಿ ತೆರೆಸಿ ನೋಡಿದರೆ ದವಡೆ ಹಲ್ಲುಗಳ ಉಬ್ಬುತಗ್ಗು ಸವೆದು ಚಪ್ಪಟೆಯಾಗಿರುತ್ತದೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು. ಕೆನ್ನೆಯ ಹಿಂಭಾಗದ ಸ್ನಾಯುವನ್ನು ಬೆರಳಿನಿಂದ ಒತ್ತಿದರೆ ಮುಖ ಕಿವುಚುತ್ತಾರೆ. "ಹಲ್ಲು ಕಚ್ಚಿ ಹಿಡಿಯುವ ಅಭ್ಯಾಸ ಇದೆಯಾ?" ಅಂತ ಕೇಳಿದರೆ "ಇಲ್ಲವೇ ಇಲ್ಲ" ಅನ್ನುತ್ತಾರೆ. "ಈಚೆಗೆ ಮನೆಯಲ್ಲಿ, ಕೆಲಸದಲ್ಲಿ ಏನಾದರೂ ಜಾಸ್ತಿ ಆಗಿದೆಯಾ?" ಅಂದರೆ ಸಾಕು, ಬಾಯಲ್ಲಿ ಕನ್ನಡಿ ಇದ್ದರೂ ಮಾತು ಶುರುವಾಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಸವೆದ ಹಲ್ಲೆಲ್ಲ ಟೆನ್ಷನ್ನಿನಿಂದಲೇ ಅಲ್ಲ. ಎಚ್ಚರವಾಗಿದ್ದಾಗ ಕಚ್ಚುವುದಕ್ಕೂ ಒತ್ತಡಕ್ಕೂ ನಂಟು ಹೆಚ್ಚು. ನಿದ್ದೆಯಲ್ಲಿ ಹಲ್ಲು ಕಡಿಯುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಗುರುತು ಹುಡುಕಿ

ಎಲ್ಲರ ಟೆನ್ಷನ್ನೂ ದವಡೆಯಲ್ಲೇ ಕೂರುವುದಿಲ್ಲ. ಕೆಲವರಿಗೆ ಗೊತ್ತಿಲ್ಲದೆ ಭುಜ ಕಿವಿಯ ಕಡೆಗೆ ಏರಿರುತ್ತದೆ. ಕೆಲವರಿಗೆ ಹೊಟ್ಟೆ ಕೆಡುತ್ತದೆ, ಇಲ್ಲವೇ ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನಿಸುತ್ತದೆ. ಅಂಗೈ ತಣ್ಣಗಾಗಿ ಬೆವರುತ್ತದೆ. ಬಾಯಿ ಒಣಗುತ್ತದೆ. ಪರೀಕ್ಷೆಯ ವಾರ ಬಂತೆಂದರೆ ಬಾಯಿ ಹುಣ್ಣು ತಂದುಕೊಳ್ಳುವ ವಿದ್ಯಾರ್ಥಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನು ಕೆಲವರ ಗುರುತು ಮೈಯಲ್ಲಿ ಇರುವುದೇ ಇಲ್ಲ, ನಡವಳಿಕೆಯಲ್ಲಿ ಇರುತ್ತದೆ. ಒಂದೇ ಸಾಲನ್ನು ಮತ್ತೆ ಮತ್ತೆ ಓದುವುದು. ಕೈಯಲ್ಲೇ ಇರುವ ಕೀ ಹುಡುಕುವುದು. ಮಕ್ಕಳು ಏನೋ ಸಣ್ಣದು ಕೇಳಿದರೆ ರೇಗುವುದು. ಫೋನ್ ಬಡಿದುಕೊಳ್ಳುತ್ತಿದ್ದರೂ ನೋಡಿ ಬೋರಲು ಹಾಕಿಡುವುದು.

ಇವನ್ನೆಲ್ಲ ಪಟ್ಟಿ ಮಾಡಿ ಟಿಕ್ ಹಾಕುತ್ತಾ ಕೂರಬೇಡಿ. ಪಟ್ಟಿ ನೋಡಿದರೆ ಎಲ್ಲವೂ ನಮಗೇ ಇದೆ ಅನಿಸಿಬಿಡುತ್ತದೆ, ಅಲ್ವಾ? ನಿಮಗೆ ಗೊತ್ತಾಗಬೇಕಾದದ್ದು ಒಂದೇ. ಎಲ್ಲಕ್ಕಿಂತ ಮೊದಲು ಬರುವ ಗುರುತು ಯಾವುದು? ತಲೆನೋವು ಬರುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೂ ಒಂದೆರಡು ಗಂಟೆ ಮೊದಲು ಏನಾಗಿತ್ತು ಅನ್ನುವುದು ಮುಖ್ಯ.

ಇದನ್ನು ತಿಳಿಯುವ ಸುಲಭದ ದಾರಿ, ಜೊತೆಗಿರುವವರನ್ನು ಕೇಳುವುದು. "ನನಗೆ ತಲೆ ಬಿಸಿಯಾದಾಗ ನಾನು ಮೊದಲು ಏನು ಮಾಡ್ತೀನಿ?" ಅಂತ ಕೇಳಿ ನೋಡಿ. ಯೋಚನೆಯನ್ನೂ ಮಾಡದೆ ಉತ್ತರ ಕೊಡುತ್ತಾರೆ. ನಮ್ಮನೆಯವರು ನನಗೆ ಹೇಳಿದ್ದು, "ನಿನ್ನ ಹೆಜ್ಜೆ ಸದ್ದು ಜೋರಾಗುತ್ತೆ, ಆಮೇಲೆ ಬೀರು ಬಾಗಿಲು." ನನಗೆ ಇದು ಹೊಸ ಸುದ್ದಿ. ನನ್ನದು ಭುಜ ಅಂತಲೇ ನಾನು ಅಂದುಕೊಂಡಿದ್ದೆ.

ಇನ್ನೊಂದು ದಾರಿ ಒಂದು ವಾರದ ಚೀಟಿ. ಜೇಬಿನಲ್ಲಿ ಮಡಚಿಟ್ಟ ಒಂದು ಹಾಳೆ ಸಾಕು, ಆಪ್ ಬೇಡ. ಫೋನ್ ತೆಗೆದರೆ ಬರೆಯುವ ಬದಲು ಇನ್ನೇನೋ ನೋಡುತ್ತೀರಿ. ಮೂರೇ ವಿಷಯ ಬರೆಯಿರಿ. ಎಷ್ಟು ಹೊತ್ತಿಗೆ, ಮೈಗೆ ಏನಾಯಿತು, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು. ನನ್ನ ಹಾಳೆ ಹೀಗಿರುತ್ತದೆ:

ಬೆಳಿಗ್ಗೆ 11. ಭುಜ ಬಿಗಿ. ಹತ್ತೂವರೆಯವರು ತಡವಾಗಿ ಬಂದರು.
ಮಧ್ಯಾಹ್ನ 3. ದವಡೆ. ಲ್ಯಾಬಿನಿಂದ ಕ್ಯಾಪ್ ಇನ್ನೂ ಬಂದಿಲ್ಲ.
ರಾತ್ರಿ 9. ರೇಗಿದೆ. ಕ್ಲಿನಿಕ್ಕಿನ ಗುಂಪಿನಲ್ಲಿ ಮೆಸೇಜ್.

ವಾರದ ಕೊನೆಯಲ್ಲಿ ಹಾಳೆ ಬಿಡಿಸಿ ನೋಡಿದರೆ ಒಂದೋ ಎರಡೋ ಸಂಗತಿಗಳು ಮತ್ತೆ ಮತ್ತೆ ಬಂದಿರುತ್ತವೆ. ಅವೇ ನಿಮ್ಮ ಅಸಲಿ ಸಮಸ್ಯೆ. ಹಲ್ಲು ಕಚ್ಚುವವರಿಗೆ ನಾನು ಇನ್ನೊಂದು ಉಪಾಯ ಹೇಳಿಕೊಡುತ್ತೇನೆ. ಕಂಪ್ಯೂಟರ್ ಪರದೆಯ ಅಂಚಿಗೆ, ಫೋನಿನ ಹಿಂದೆ ಒಂದು ಸಣ್ಣ ಬಣ್ಣದ ಸ್ಟಿಕ್ಕರ್ ಅಂಟಿಸಿ. ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ತಾಗಿದೆಯಾ ನೋಡಿಕೊಳ್ಳಿ. "ನಾನು ಕಚ್ಚುವುದೇ ಇಲ್ಲ" ಅಂದವರು ಮುಂದಿನ ಸಲ ಬಂದಾಗ ಪೆಚ್ಚಾಗಿ ನಗುತ್ತಾರೆ.

ದೊಡ್ಡದಕ್ಕಿಂತ ಚಿಕ್ಕದೇ ಕಾಡುತ್ತದೆ

ಮೈ ಯಾಕೆ ಹೀಗೆ ಮಾಡುತ್ತದೆ ಅನ್ನುವುದು ಹಳೆಯ ಕಥೆ. ಹಾರ್ವರ್ಡ್‌ನಲ್ಲಿದ್ದ ಶರೀರ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ಇದನ್ನು ವಿವರಿಸಿದ್ದರು. ಅಪಾಯ ಎದುರಾದರೆ ಪ್ರಾಣಿ ಹೋರಾಡಬೇಕು, ಇಲ್ಲವೇ ಓಡಬೇಕು. ಎರಡಕ್ಕೂ ಮೈ ಸಜ್ಜಾಗುತ್ತದೆ. ಕಿಡ್ನಿಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಹೊರಡುತ್ತದೆ. ಎದೆ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯಾಗುತ್ತವೆ, ಜೀರ್ಣದ ಕೆಲಸ ನಿಧಾನವಾಗುತ್ತದೆ, ಜೊಲ್ಲು ಕಡಿಮೆಯಾಗುತ್ತದೆ. ಅದರ ಹಿಂದೆಯೇ ಕಾರ್ಟಿಸಾಲ್ ಬರುತ್ತದೆ, ಓಡುವುದಕ್ಕೆ ಬೇಕಾದ ಸಕ್ಕರೆಯನ್ನು ರಕ್ತಕ್ಕೆ ಒದಗಿಸುತ್ತದೆ. ಈ ಏರ್ಪಾಟಿನಲ್ಲಿ ತಪ್ಪೇನೂ ಇಲ್ಲ. ತೊಂದರೆ ಏನೆಂದರೆ, ಬಾಸ್ ಕಳಿಸಿದ ಮೆಸೇಜಿಗೂ ಮೈ ಇದನ್ನೇ ಮಾಡುತ್ತದೆ. ಓಡುವುದಕ್ಕೆ ಸಜ್ಜಾದ ಕಾಲು ಮೇಜಿನ ಕೆಳಗೆ ಸುಮ್ನೆ ಅಲ್ಲಾಡುತ್ತಿರುತ್ತದೆ.

ಇದರಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದ ಸಂಗತಿ ಬೇರೆ. 1967ರಲ್ಲಿ ಥಾಮಸ್ ಹೋಮ್ಸ್, ರಿಚರ್ಡ್ ರಾಹೆ ಎಂಬ ಅಮೆರಿಕದ ಇಬ್ಬರು ಮನೋವೈದ್ಯರು ಜೀವನದ 43 ಘಟನೆಗಳಿಗೆ ಅಂಕ ಕೊಟ್ಟರು. ಗಂಡ ಅಥವಾ ಹೆಂಡತಿಯ ಸಾವಿಗೆ 100. ಮದುವೆಗೆ 50. ಸಂತೋಷದ ಸಂಗತಿಗೂ ಅಂಕ ಇದೆ ಅನ್ನುವುದನ್ನು ಗಮನಿಸಿ, ಹೊಂದಿಕೊಳ್ಳುವುದೂ ಮೈಗೆ ಕೆಲಸವೇ. ಆಮೇಲೆ ಮನಶ್ಶಾಸ್ತ್ರಜ್ಞ ರಿಚರ್ಡ್ ಲಾಜರಸ್ ಮತ್ತು ಜೊತೆಗಾರರು ಬೇರೆಯೇ ಪ್ರಶ್ನೆ ಕೇಳಿದರು. ದೊಡ್ಡ ಘಟನೆ ಇರಲಿ, ದಿನಾ ಆಗುವ ಕಿರಿಕಿರಿಗಳ ಕಥೆ ಏನು? ಕಳೆದುಹೋದ ವಸ್ತು, ಮುಗಿಯದ ಕೆಲಸ, ನೆರೆಯವರ ಗದ್ದಲ. 1981ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸಿನ ತೊಂದರೆಯ ಲಕ್ಷಣಗಳನ್ನು ಮೊದಲೇ ಅಂದಾಜು ಮಾಡುವುದಕ್ಕೆ ದೊಡ್ಡ ಘಟನೆಗಳಿಗಿಂತ ಈ ಕಿರಿಕಿರಿಗಳೇ ಹೆಚ್ಚು ನೆರವಾದವು.

ಹಾಗಾಗಿ "ಇಷ್ಟಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ" ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ. ದೊಡ್ಡ ಕಷ್ಟ ಬಂದಾಗ ನಾಲ್ಕು ಜನ ಬರುತ್ತಾರೆ, ಕೆಲಸಕ್ಕೆ ರಜೆ ಸಿಗುತ್ತದೆ. ದಿನಾ ಹತ್ತು ನಿಮಿಷ ಕಾಡುವ ಪ್ರಿಂಟರಿಗೆ ಯಾರೂ ಸಮಾಧಾನ ಹೇಳುವುದಿಲ್ಲ. ಅದನ್ನು ಅವುಡುಗಚ್ಚಿ ಸಹಿಸುತ್ತೇವೆ. ಬಿಲ್ ಮಾತ್ರ ನನ್ನ ಕ್ಲಿನಿಕ್ಕಿನಲ್ಲಿ ಬರುತ್ತದೆ.

ಗುರುತು ಕಂಡ ಕೂಡಲೇ

"ರಿಲ್ಯಾಕ್ಸ್ ಆಗಿ" ಅಂತ ನಾನು ಯಾರಿಗೂ ಹೇಳುವುದಿಲ್ಲ. ಹಾಗೆ ಹೇಳಿದ ಕೂಡಲೇ ಸಡಿಲಾದ ಒಬ್ಬರನ್ನೂ ನೋಡಿಲ್ಲ. ಕೆಲಸ ಕೊಡಬೇಕು. ಮೈಗೆ ಅರ್ಥವಾಗುವುದು ಕೆಲಸ.

ದವಡೆಗೆ ಕೊಡುವ ಕೆಲಸ ಹೀಗೆ. ಮನಸ್ಸಿನಲ್ಲೇ "ನ" ಅನ್ನಿ. ನಾಲಿಗೆಯ ತುದಿ ಮೇಲಿನ ಮುಂಹಲ್ಲಿನ ಹಿಂದೆ ಹೋಗಿ ಮೆಲ್ಲಗೆ ತಾಗುತ್ತದೆ. ಅಲ್ಲೇ ಬಿಡಿ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ಉಸಿರು ಮೂಗಿನಲ್ಲಿರಲಿ. ಮೀಟಿಂಗಿನ ನಡುವೆ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಉಸಿರು. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಒಂದೊಂದು ಎಣಿಕೆ ಒಂದು ಸೆಕೆಂಡ್ ಅಂದುಕೊಂಡರೆ ನಿಮಿಷಕ್ಕೆ ಆರು ಉಸಿರಾಯಿತು. ಎರಡು ಮೂರು ನಿಮಿಷ ಸಾಕು. ಹೊರಗೆ ಬಿಡುವುದು ಯಾಕೆ ಉದ್ದ ಅಂದರೆ, ಉಸಿರು ಒಳಗೆ ಹೋಗುವಾಗ ಎದೆ ಬಡಿತ ತುಸು ಏರುತ್ತದೆ, ಹೊರಗೆ ಬರುವಾಗ ತುಸು ಇಳಿಯುತ್ತದೆ. ವೇಗಸ್ ಅನ್ನುವ ನರ ಹೃದಯಕ್ಕೆ ಹಾಕುವ ಬ್ರೇಕ್ ಅದು. ಬೆರಳನ್ನು ಮಣಿಕಟ್ಟಿನ ನಾಡಿಯ ಮೇಲಿಟ್ಟು ನೋಡಿ, ಕೆಲವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಜನ ಇಲ್ಲಿ ತಪ್ಪುವುದು ಎಲ್ಲಿ ಅಂದರೆ, ಎದೆ ತುಂಬ ಜೋರಾಗಿ ಗಾಳಿ ಎಳೆಯುತ್ತಾರೆ. ಹಾಗೆ ಮಾಡಿದರೆ ತಲೆ ಸುತ್ತುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಬೇಕಿರುವುದು ನಿಧಾನ, ಜೋರಲ್ಲ. ತಲೆ ಸುತ್ತಿದರೆ ಬಿಟ್ಟು ಮಾಮೂಲಿಯಾಗಿ ಉಸಿರಾಡಿ.

ಭುಜದವರಿಗೆ ಶಿಕಾಗೋದ ವೈದ್ಯ ಎಡ್ಮಂಡ್ ಜೇಕಬ್ಸನ್ ಕಳೆದ ಶತಮಾನದ ಮೊದಲರ್ಧದಲ್ಲಿ ರೂಪಿಸಿದ ವಿಧಾನ ಚೆನ್ನ. ಬಿಗಿಯಾದದ್ದನ್ನು ಸಡಿಲಿಸುವುದು ಕಷ್ಟವಾದರೆ ಮೊದಲು ಬೇಕೆಂದೇ ಇನ್ನಷ್ಟು ಬಿಗಿ ಮಾಡಿ. ಭುಜವನ್ನು ಕಿವಿಯತ್ತ ಎತ್ತಿ, ಐದು ಸೆಕೆಂಡ್ ಹಿಡಿದು, ಒಮ್ಮೆಲೇ ಬಿಟ್ಟುಬಿಡಿ. ಮುಷ್ಟಿಗೂ ಹೀಗೇ. ಬಿಟ್ಟ ಮೇಲೆ ಹದಿನೈದು ಇಪ್ಪತ್ತು ಸೆಕೆಂಡ್ ಆ ಜಾಗ ಹೇಗನಿಸುತ್ತದೆ ಅಂತ ಗಮನಿಸಿ, ಮರ್ಮ ಇರುವುದು ಅಲ್ಲೇ. ದವಡೆ ನೋವಿರುವವರು ಹಲ್ಲು ಕಚ್ಚಿ ಇದನ್ನು ಮಾಡಬೇಡಿ. ಕೈ, ಭುಜ, ಕಾಲು ಸಾಕು.

ಇವೆಲ್ಲ ಬೆಂಕಿ ಹತ್ತಿದಾಗ ಮಾತ್ರ ಮಾಡುವ ಕೆಲಸ ಅಲ್ಲ. ಸಮಾಧಾನವಾಗಿರುವ ಹೊತ್ತಿನಲ್ಲಿ ರೂಢಿ ಮಾಡಿಕೊಂಡಿದ್ದರೆ ಮಾತ್ರ ಬೇಕಾದಾಗ ಕೈಗೆ ಸಿಗುತ್ತವೆ.

ಕೈ ಎತ್ತುವ ಅವಕಾಶ

ಹಲ್ಲಿನ ಕುರ್ಚಿ ಅಂದರೆ ಎಷ್ಟೋ ಜನರಿಗೆ ಭಯ. ಮಲಗಿಸುತ್ತೇವೆ, ಕಣ್ಣಿಗೆ ಬೆಳಕು, ಬಾಯಿ ತುಂಬ ಸಾಮಾನು, ಮಾತಾಡಲಿಕ್ಕೂ ಆಗುವುದಿಲ್ಲ. ಅದಕ್ಕೆ ಶುರು ಮಾಡುವ ಮೊದಲು ಒಂದು ಮಾತು ಹೇಳುತ್ತೇವೆ. "ನೋವಾದರೆ, ಸಾಕು ಅನಿಸಿದರೆ ಎಡಗೈ ಎತ್ತಿ. ಆ ಕ್ಷಣ ನಿಲ್ಲಿಸುತ್ತೇನೆ." ಹೆಚ್ಚಿನವರು ಕೈ ಎತ್ತುವುದೇ ಇಲ್ಲ. ಎತ್ತಬಹುದು ಅನ್ನುವುದು ಗೊತ್ತಿದ್ದರೇ ಬಿಗಿ ಹಿಡಿದ ಮುಷ್ಟಿ ಬಿಡುತ್ತದೆ. ಆದರೆ ಎತ್ತಿದಾಗ ನಾನು ನಿಜವಾಗಿಯೂ ನಿಲ್ಲಿಸಬೇಕು. "ಇನ್ನೇನು ಆಯ್ತು, ಆಯ್ತು" ಅಂತ ಮುಂದುವರಿಸಿದರೆ ನಂಬಿಕೆ ಹೋಯಿತು.

ನಿಮ್ಮ ಚೀಟಿಯಲ್ಲಿ ಮತ್ತೆ ಮತ್ತೆ ಬಂದ ಆ ಒಂದೆರಡು ಸಂಗತಿ ಇವೆಯಲ್ಲ, ಅವುಗಳ ಎದುರು ಇದೇ ಪ್ರಶ್ನೆ ಹಾಕಿಕೊಳ್ಳಿ. ಇದರಲ್ಲಿ ನಾನು ಕೈ ಎತ್ತಬಹುದಾದ ಜಾಗ ಎಲ್ಲಿದೆ? ನನ್ನ ಹನ್ನೊಂದು ಗಂಟೆಯ ಭುಜದ ಕಥೆ ಹೇಳುತ್ತೇನೆ. ಬೆಳಿಗ್ಗೆ ಒಬ್ಬರು ಕಾಲು ಗಂಟೆ ತಡ ಮಾಡಿದರೆ ಸಂಜೆಯವರೆಗೂ ಎಲ್ಲರಿಗೂ ತಡ. ಹೊರಗೆ ಕೂತವರ ಕೆಮ್ಮು ಕೇಳಿದರೂ ನನಗೆ ಬೈದಂತೆ ಅನಿಸುತ್ತಿತ್ತು. ಬರುವವರು ಸಮಯಕ್ಕೆ ಬರುವಂತೆ ಮಾಡುವುದು ನನ್ನ ಕೈಯಲ್ಲಿಲ್ಲ. ಆದರೆ ಪುಸ್ತಕದಲ್ಲಿ ಹನ್ನೊಂದಕ್ಕೊಂದು, ಐದಕ್ಕೊಂದು ಜಾಗ ಖಾಲಿ ಬಿಡುವುದು ನನ್ನ ಕೈಯಲ್ಲೇ ಇತ್ತು. ಜೊತೆಗೆ ಕಾಯುತ್ತಿರುವವರಿಗೆ "ಈಗ ಕರೀತಾರೆ" ಅನ್ನುವ ಬದಲು "ಇನ್ನೂ ಅರ್ಧ ಗಂಟೆ ಆಗುತ್ತೆ" ಅಂತ ನಿಜ ಹೇಳಿಸತೊಡಗಿದೆ. ದಿನಕ್ಕೆ ಇಬ್ಬರು ಪೇಷೆಂಟ್ ಕಡಿಮೆಯಾದರು. ಭುಜ ಇಳಿಯಿತು. ಈ ಲೆಕ್ಕ ನನಗೆ ಒಪ್ಪಿಗೆ.

ಮೂರು ಗಂಟೆಯ ದವಡೆಗೆ ಮಾತ್ರ ಇಂಥ ಪರಿಹಾರ ಇಲ್ಲ. ಲ್ಯಾಬಿನವರು ಕಳಿಸಿದಾಗಲೇ ಕ್ಯಾಪ್ ಬರುವುದು. ಅಲ್ಲಿ "ನ" ಅನ್ನುವುದು, ಉಸಿರು ಬಿಡುವುದು, ಅಷ್ಟೇ. ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಈ ಎರಡನ್ನು ಬೇರೆ ಮಾಡಿ ತೋರಿಸಿದ್ದರು. ಒಂದು, ಸಮಸ್ಯೆಯನ್ನೇ ಸರಿಪಡಿಸುವ ದಾರಿ. ಇನ್ನೊಂದು, ಸಮಸ್ಯೆಯಿಂದ ಮನಸ್ಸಿಗೆ ಆಗುವುದನ್ನು ಸಂಭಾಳಿಸುವ ದಾರಿ. ನಾನು ಕಂಡಂತೆ ಜನ ಇದನ್ನು ಅದಲು ಬದಲು ಮಾಡುತ್ತಾರೆ. ಒಂದು ಫೋನ್ ಮಾಡಿದರೆ ಮುಗಿಯುವ ವಿಷಯಕ್ಕೆ ವಾರಗಟ್ಟಲೆ ಧ್ಯಾನ ಮಾಡುತ್ತಾರೆ. ಯಾರಿಂದಲೂ ಬದಲಾಗದ ವಿಷಯವನ್ನು ರಾತ್ರಿಯಿಡೀ ಸರಿಪಡಿಸುತ್ತಾರೆ.

ಕೈ ಎತ್ತುವುದಕ್ಕೆ ಮಾತು ಮೊದಲೇ ರೆಡಿ ಇರಲಿ. "ನಾಳೆ ಬೆಳಿಗ್ಗೆ ಹೇಳ್ತೀನಿ" ಅನ್ನುವುದು ಬಹಳ ಒಳ್ಳೆಯ ವಾಕ್ಯ. "ಇದನ್ನು ಮಾಡ್ತೀನಿ, ಆದರೆ ಅದು ಶುಕ್ರವಾರಕ್ಕೆ ಹೋಗುತ್ತೆ, ಪರವಾಗಿಲ್ವಾ?" ಅನ್ನುವುದು ಇನ್ನೂ ಒಳ್ಳೆಯದು. ಆಯ್ಕೆ ಅವರದ್ದಾಗುತ್ತದೆ.

ಫೋನಿನ ವಿಷಯಕ್ಕೆ ಜಾಸ್ತಿ ಉಪದೇಶ ಮಾಡುವುದಿಲ್ಲ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2015ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 124 ಜನ ಒಂದು ವಾರ ದಿನಕ್ಕೆ ಮೂರೇ ಸಲ ಇ‌ಮೇಲ್ ನೋಡಬೇಕು, ಇನ್ನೊಂದು ವಾರ ಎಷ್ಟು ಸಲ ಬೇಕಾದರೂ ನೋಡಬಹುದು. ಕಡಿಮೆ ನೋಡಿದ ವಾರ ಅವರ ಒತ್ತಡ ಕಡಿಮೆ ಇತ್ತು. ನೋಡಬೇಡಿ ಅಂತಲ್ಲ, ನೋಡುವ ಹೊತ್ತನ್ನು ನೀವು ಆರಿಸಿ. ರಾತ್ರಿ ಒಂಬತ್ತರ ಕ್ಲಿನಿಕ್ ಗುಂಪನ್ನು ನಾನು ಮ್ಯೂಟ್ ಮಾಡಿದ್ದೇನೆ. ಅಷ್ಟು ಅವಸರ ಇದ್ದವರು ಫೋನ್ ಮಾಡುತ್ತಾರೆ.

ರಾತ್ರಿ

ಕಾಫಿ, ಟೀಯಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಕೆಲವರಿಗೆ ಇನ್ನೂ ನಿಧಾನ. ಮದ್ಯ ಬೇಗ ನಿದ್ದೆ ತರಿಸಿದಂತೆ ಮಾಡಿ ನಡುರಾತ್ರಿಯ ಮೇಲೆ ಎಬ್ಬಿಸುತ್ತದೆ. ಹಲ್ಲು ಕಡಿಯುವವರಿಗೆ ಇವೆರಡೂ ಆಗಿಬರುವುದಿಲ್ಲ.

ಮಲಗಿದ ಮೇಲೆ ನಾಳೆಯ ಕೆಲಸಗಳು ತಲೆಯಲ್ಲಿ ಸಾಲುಗಟ್ಟಿದರೆ, ಮಲಗುವ ಮೊದಲೇ ಐದು ನಿಮಿಷ ಕೂತು ಅವನ್ನು ಬರೆದಿಡಿ. 2018ರಲ್ಲಿ ಪ್ರಕಟವಾದ ಬೇಲರ್ ವಿಶ್ವವಿದ್ಯಾಲಯದ ಒಂದು ಸಣ್ಣ ಪ್ರಯೋಗದಲ್ಲಿ, ಮುಗಿದ ಕೆಲಸಗಳನ್ನು ಬರೆದವರಿಗಿಂತ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ ಬೇಗ ನಿದ್ದೆ ಬಂತು. ವಿವರವಾಗಿ ಬರೆದಷ್ಟೂ ಒಳ್ಳೆಯದು. "ಬ್ಯಾಂಕ್" ಅಂತಲ್ಲ, "ಹತ್ತಕ್ಕೆ ಬ್ಯಾಂಕಿಗೆ ಫೋನ್, ಅಕೌಂಟ್ ನಂಬರ್ ಎದುರಿಗಿಟ್ಟುಕೊಳ್ಳಬೇಕು" ಅಂತ. ನಡುರಾತ್ರಿ ಎಚ್ಚರವಾಗಿ ಇಪ್ಪತ್ತು ನಿಮಿಷದಷ್ಟು ಹೊರಳಾಡಿದರೆ ಎದ್ದುಬಿಡಿ. ಮಂದ ಬೆಳಕಿನಲ್ಲಿ ಏನಾದರೂ ಬೋರ್ ಹೊಡೆಸುವುದನ್ನು ಓದಿ, ತೂಕಡಿಕೆ ಬಂದಾಗ ವಾಪಸ್ಸು ಮಲಗಿ. ಗಡಿಯಾರ ನೋಡಬೇಡಿ, ಇಪ್ಪತ್ತು ನಿಮಿಷ ಅಂದಾಜು ಸಾಕು.

ರಾತ್ರಿ ಹಾಕಿಕೊಳ್ಳುವ ನೈಟ್ ಗಾರ್ಡ್ ನಾನೇ ಮಾಡಿಸಿಕೊಡುತ್ತೇನೆ. ಅದು ಹಲ್ಲು ಸವೆಯದಂತೆ ಕಾಯುತ್ತದೆ, ಟೆನ್ಷನ್ ಇಳಿಸುವುದಿಲ್ಲ. ಅದನ್ನೂ ಕಚ್ಚಿ ತೂತು ಮಾಡಿದವರಿದ್ದಾರೆ.

ಇನ್ನು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ. ಓಡಲು ಸಜ್ಜಾದ ಮೈಯನ್ನು ಓಡಿಸಿಬಿಡುವುದೇ ನ್ಯಾಯ. ಯಾರ ಹತ್ತಿರವಾದರೂ ಹೇಳಿಕೊಳ್ಳುವುದೂ ಒಳ್ಳೆಯದೇ, ಆದರೆ ಮೊದಲೇ ತಿಳಿಸಿ: "ಸಲಹೆ ಬೇಡ, ಹತ್ತು ನಿಮಿಷ ಕೇಳಿಸಿಕೋ." ಇಲ್ಲದಿದ್ದರೆ ಸಲಹೆಯ ಟೆನ್ಷನ್ ಬೇರೆ.

ಇದು ಬರೀ ಟೆನ್ಷನ್ ಅಲ್ಲ ಅನ್ನುವುದು ಯಾವಾಗ

ಎದೆ ಹಿಂಡಿದಂತಾಗುವುದು, ನೋವು ತೋಳಿಗೋ ಕುತ್ತಿಗೆಗೋ ಹರಡುವುದು, ತಣ್ಣನೆ ಬೆವರು, ಉಸಿರು ಸಿಗದಿರುವುದು, ಇವನ್ನು ಟೆನ್ಷನ್ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಹೃದಯದ ನೋವು ಕೆಲವೊಮ್ಮೆ ದವಡೆಗೂ ಬರುತ್ತದೆ. ಮೆಟ್ಟಿಲು ಹತ್ತುವಾಗ ಬಂದು, ಕೂತರೆ ಹೋಗುವ ದವಡೆ ನೋವನ್ನು ನನ್ನ ಹತ್ತಿರ ತರಬೇಡಿ, ಮೊದಲು ಹೃದಯದ ಡಾಕ್ಟರಿಗೆ ತೋರಿಸಿ.

ಎದೆ ಡವಡವ, ಕೈ ನಡುಕ, ಕಾರಣವಿಲ್ಲದೆ ತೂಕ ಇಳಿಯುವುದು ಥೈರಾಯ್ಡ್ ಜಾಸ್ತಿಯಾಗಿದ್ದರೂ ಆಗುತ್ತದೆ, ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ ಇರಬಹುದು. ಹಲ್ಲು ಕಡಿಯುವುದು ಅದರ ಜೊತೆಗೂ ಕಾಣಿಸಿಕೊಳ್ಳುತ್ತದೆ.

ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ರುಚಿಸದಿದ್ದರೆ, ಕೆಲಸಕ್ಕೆ ಹೋಗಲು ಕುಡಿಯಬೇಕಾಗಿ ಬಂದರೆ ಮನೋವೈದ್ಯರನ್ನು ಕಾಣಿ. ಬದುಕುವುದೇ ಬೇಡ ಅನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ. ಅವತ್ತೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ, ತುರ್ತು ಸಹಾಯ ಪಡೆಯಿರಿ.

ಡಾಕ್ಟರ ಹತ್ತಿರ ಹೋಗುವಾಗ ಆ ಒಂದು ವಾರದ ಚೀಟಿ ಜೊತೆಗಿರಲಿ. "ಯಾವಾಗಿನಿಂದ?" ಅನ್ನುವ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನೂ ಅದರ ಹಿಂದೆ ಬರೆದಿಡಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹಲ್ಲು ಕಡಿಯುವುದು ಶುರುವಾಗಬಹುದು. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಪ್ರಮಾಣ ಬದಲಿಸುತ್ತಾರೆ, ಇಲ್ಲವೇ ಬೇರೆ ಮಾತ್ರೆ ಕೊಡುತ್ತಾರೆ.